ವಿಜ್ಞಾಪನೆಯಲ್ಲಿ ಬಿಟ್ಟ ಹೆಸರು

ನಮ್ಮ ಊರಿನ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರಿಗೆ ಜನರ ಮುಖ ಕಾಣುವುದಿಲ್ಲ. ಕೂತ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಶುರುವಾಗುತ್ತದೆ, ಇಳಿದ ಮರುದಿನ ಸರಿಹೋಗುತ್ತದೆ. ಸೀರೆ ಕಾಣುತ್ತದೆ, ಪಂಚೆ ಕಾಣುತ್ತದೆ, ಬಳೆ, ಚಪ್ಪಲಿ, ತಲೆಯ ಬೈತಲೆ ಎಲ್ಲವೂ ಕಾಣುತ್ತದೆ. ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಒರೆಸಿದ ಸ್ಲೇಟಿನ ಹಾಗೆ ಏನೂ ಇರುವುದಿಲ್ಲವಂತೆ. ಆ ವಾರ ಅವರಿಗಾಗಿ ಯಾರು ಮನಸಾರೆ ಪ್ರಾರ್ಥನೆ ಮಾಡಿರುತ್ತಾರೋ ಅವರ ಮುಖ ಕಾಣುತ್ತದೆ. ಬಾಯಿಮಾತಿನ ಪ್ರಾರ್ಥನೆಗೆ ಕಾಣುವುದಿಲ್ಲ. ಅರೆಮನಸ್ಸಿನ ಪ್ರಾರ್ಥನೆಗೆ ಅಷ್ಟಿಷ್ಟು ಕಾಣುವುದುಂಟು. ಬೇಕರಿಯ ಬೆನಡಿಕ್ಟನ ಒಂದು ಕಿವಿ ಮಾತ್ರ ಕಂಡು, ಅವನ ಅಹವಾಲನ್ನು ಅರ್ಧಕ್ಕೇ ನಿಲ್ಲಿಸಿ ಕಳಿಸಿದ್ದರು.

ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಶುಕ್ರವಾರ ಬಂಗಲೆಯಲ್ಲಿ ಅಹವಾಲು ಕೇಳುವ ದಿನ. ಮುಖ ಕಂಡವರ ಮಾತನ್ನು ಮಾತ್ರ ಗುಮಾಸ್ತ ಶಂಭಯ್ಯ ಬರೆದುಕೊಳ್ಳುತ್ತಾನೆ. ಹಾಗಾಗಿ ಮನೆ ಸೋರುವವರು, ರಸ್ತೆ ಬೇಕಾದವರು, ಮಗನನ್ನು ಠಾಣೆಯಲ್ಲಿ ಕೂಡಿಹಾಕಿಸಿಕೊಂಡವರು ಭಾನುವಾರದಿಂದಲೇ ಅಧ್ಯಕ್ಷರಿಗಾಗಿ ಕಣ್ಣುಮುಚ್ಚಿ ಕೂರುತ್ತಾರೆ. ದರ್ಗಾದಲ್ಲಿ ಕೂರುವವರಿದ್ದಾರೆ, ಮಠದಲ್ಲಿ ಕೂರುವವರಿದ್ದಾರೆ. ಅಧ್ಯಕ್ಷರ ಹೆಂಡತಿ ದೇವರ ಕೋಣೆಯಲ್ಲಿ ಕೂರುತ್ತಾರೆ. ಗಂಡ ಹೆಂಡಿರಿಗೆ ಜಗಳವಾದ ವಾರ ಕಾಫಿ ತಂದುಕೊಟ್ಟ ಹೆಂಗಸನ್ನು ಅಧ್ಯಕ್ಷರು "ಯಾರಮ್ಮ ನೀವು?" ಎಂದು ಕೇಳಿದರೆ ಅಡುಗೆಯವರು ನಗುವುದಿಲ್ಲ. ಕುರ್ಚಿ ಬಿಟ್ಟ ಹಳೆಯ ಅಧ್ಯಕ್ಷರೆಲ್ಲ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಾರೆ. ಅವರಿಗೆ ಯಾವ ಬಸ್ಸೂ ಬೇಕಿಲ್ಲ. ಇಳಿಯುವವರ, ಹತ್ತುವವರ ಮುಖಗಳನ್ನು ಹಸಿದವರ ಹಾಗೆ ನೋಡುತ್ತಾ ಸಂಜೆ ಮಾಡುತ್ತಾರೆ.

ನಮ್ಮ ಚರ್ಚಿನ ಸಭೆಯವರು ಅಹವಾಲು ಇರಲಿ ಇಲ್ಲದಿರಲಿ, ಪ್ರತಿ ಭಾನುವಾರ ಅಧ್ಯಕ್ಷರ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ. ಅದು ಹಿರಿಯರಿಂದ ಬಂದ ಪದ್ಧತಿ. ಅರಸರಿಗಾಗಿ ಪ್ರಾರ್ಥಿಸಿರೆಂದು ಅಪೊಸ್ತಲ ಪೌಲನು ತಿಮೊಥೆಗೆ ಬರೆದು ಹೇಳಿದ್ದಾನೆ, ಅಷ್ಟು ಸಾಕು ಎಂದು ನಡೆಸಿಕೊಂಡು ಬಂದವರು ನಾವು. ಆ ವಿಜ್ಞಾಪನೆಯನ್ನು ಎದ್ದು ನಿಂತು ಓದುವವಳು ನಾನು. ನನ್ನ ಹೆಸರು ಲಿಡಿಯಮ್ಮ, ಚರ್ಚಿನ ಹಿಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತೇನೆ. ಗಂಟಲು ಗಟ್ಟಿಯಿದೆ, ನಾಲಿಗೆ ಅದಕ್ಕಿಂತ ಗಟ್ಟಿ ಎಂದು ಸಭೆಯ ಹಿರಿಯರು ಹೇಳುತ್ತಾರೆ. ಇರಲಿ. ಎಲ್ಲ ಮನುಷ್ಯರಿಗಾಗಿ ಎಂದು ಶುರುಮಾಡಿ, ರೋಗಿಗಳು, ದಾರಿಯಲ್ಲಿರುವವರು, ಬಸುರಿಯರು, ಸೆರೆಯಲ್ಲಿರುವವರು ಎಲ್ಲರನ್ನೂ ಮುಗಿಸಿ ಕೊನೆಗೆ ಅಧ್ಯಕ್ಷರ ಹೆಸರಿಗೆ ಬರುತ್ತೇನೆ. ಬರುತ್ತಿದ್ದೆ. ಜಯಶೀಲ ಸತ್ತ ಮೇಲೆ ಸೆರೆಯಲ್ಲಿರುವವರು ಎಂಬಲ್ಲಿಗೇ ನಿಲ್ಲಿಸಿ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಸಭೆಯವರು ಒಂದು ಕ್ಷಣ ಕಾಯುತ್ತಿದ್ದರು. ಆಮೇಲೆ ಯಾರೋ ಹಿಂದಿನ ಬೆಂಚಿನಿಂದ ಮೆಲ್ಲಗೆ "ರಂಗಧಾಮಯ್ಯನವರಿಗಾಗಿಯೂ" ಎಂದು ಸೇರಿಸಿ ಆಮೆನ್ ಹೇಳುತ್ತಿದ್ದರು.

ಜಯಶೀಲ ನನ್ನ ಗಂಡ. ಹಳೇ ಮಾರ್ಕೆಟ್ಟಿನಲ್ಲಿ ಬೀಗ ರಿಪೇರಿ ಮಾಡುತ್ತಿದ್ದ. ಆ ಮಾರ್ಕೆಟ್ಟನ್ನು ಕೆಡವಿ ಹೊಸದು ಕಟ್ಟಬೇಕೆಂದು ಅಧ್ಯಕ್ಷ ರಂಗಧಾಮಯ್ಯನಿಗೆ ಹುಕಿ ಬಂತು. ಅಂಗಡಿಯವರು ಬಿಡುವುದಿಲ್ಲ ಎಂದು ಒಳಗೇ ಕೂತರು. ಅವನು ಜೀಪಿನಲ್ಲಿ ಬಂದು ರಸ್ತೆಯಿಂದಲೇ ನೋಡಿದ. ಒಳಗಿದ್ದವರು ಕಿಟಕಿಯಲ್ಲಿ ಕೈಬೀಸಿದರು. ಆ ವಾರ ಅವರಲ್ಲಿ ಯಾರಿಗೆ ಅವನಿಗಾಗಿ ಪ್ರಾರ್ಥನೆ ಮಾಡುವ ಮನಸ್ಸಿರುತ್ತದೆ, ಹೇಳಿ. "ಕಿಟಕಿಯಲ್ಲಿ ಬಟ್ಟೆ ಒಣಗ್ಹಾಕಿದಾರೆ, ಅಷ್ಟೇ ತಾನೆ?" ಎಂದನಂತೆ. ಪಕ್ಕದಲ್ಲಿದ್ದವರಿಗೆ ಕಣ್ಣಿತ್ತು, ಬಾಯಿ ಇರಲಿಲ್ಲ. ಕೆಡವುವ ಯಂತ್ರ ಗೋಡೆಗೆ ತಲೆಯಿಂದ ಗುದ್ದಿತು.

ಕಲ್ಲು ಎತ್ತಿ ಆಸ್ಪತ್ರೆಯ ವರಾಂಡದಲ್ಲಿ ಮಲಗಿಸಿದವರಲ್ಲಿ ಜಯಶೀಲ ಯಾರೆಂದು ನನಗೆ ಗೊತ್ತಾಗಲಿಲ್ಲ. ನೋಡುವ ಹಾಗೆ ಏನೂ ಉಳಿದಿರಲಿಲ್ಲ. ಕಡೆಗೆ ಅಂಗಿಯ ಕಾಲರು ತಿರುಗಿಸಿ ನೋಡಿದೆ. ನೀಲಿ ಗೆರೆಯ ಅಂಗಿ, ಕಾಲರಿನ ಒಳಗಡೆ ನಾನೇ ಹಾಕಿದ ಜೋಡಿ ಹೊಲಿಗೆ. "ಇವರೇ" ಎಂದೆ. ಅಲ್ಲಿ ಅಳಲಿಲ್ಲ. ಮನೆಗೆ ಬಂದು ಅತ್ತೆ, ಈಗಲೂ ಅಳುತ್ತೇನೆ, ಅದರಲ್ಲಿ ಮುಚ್ಚಿಡುವುದೇನಿದೆ.

ನಮ್ಮ ಮಗಳು ಸುವಾರ್ತ ಅಳುವವಳಲ್ಲ. ಅವಳು ಆ ಅಂಗಿಯನ್ನು ಒಗೆಯಲು ಬಿಡದೆ ಒಂದು ಕೋಲಿಗೆ ಸಿಕ್ಕಿಸಿಕೊಂಡು ಬಂಗಲೆಯ ಗೇಟಿನ ಮುಂದೆ ಹೋಗಿ ನಿಂತಳು. "ಅವನಿಗೆ ಬಟ್ಟೆ ತಾನೆ ಕಾಣೋದು, ನೋಡ್ಲಿ" ಎಂದಳು. ದಿನಾ ಬೆಳಿಗ್ಗೆ ಹೋಗಿ, ಅವನ ಜೀಪು ಹೊರಗೆ ಬರುವಾಗ ಕೋಲು ಎತ್ತುತ್ತಿದ್ದಳು. ನಾನು ತಡೆಯಲಿಲ್ಲ, ಬುತ್ತಿ ಕಟ್ಟಿಕೊಡುತ್ತಿದ್ದೆ. ಮೊದಮೊದಲು ಅವನು ನೋಡಿದ, ಆಮೇಲೆ ಜೀಪಿನ ಕಿಟಕಿಗೆ ಪರದೆ ಹಾಕಿಸಿದ. ಪರದೆಯ ಸಂದಿಯಲ್ಲೂ ಕಂಡಿರಬೇಕು. ಒಂದು ದಿನ "ಆ ಅಂಗೀನ ಅಲ್ಲಿಂದ ತೆಗೆಸಿ" ಎಂದ. ಕಾವಲಿನವರು ಅಂಗಿಯ ಜೊತೆ ಮಗಳನ್ನೂ ತೆಗೆದುಕೊಂಡು ಹೋದರು.

ಅವಳನ್ನು ಹೆಂಗಸರ ಸೆರೆಗೆ ಹಾಕಿ, ಸುಣ್ಣದ ಗಣಿಗೆ ಕಳಿಸುತ್ತೇವೆಂದು ಗೋಡೆಗೆ ಚೀಟಿ ಹಚ್ಚಿದರು. ಲಾರಿ ಹೊರಡುವುದು ಈಸ್ಟರ್ ಕಳೆದ ಮೂರನೆಯ ಶುಕ್ರವಾರ. ಸುಣ್ಣದ ಗಣಿಗೆ ಹೋದವರು ಹಿಂದಕ್ಕೆ ಬಂದದ್ದನ್ನು ನಮ್ಮ ಊರು ನೋಡಿಲ್ಲ. ಬಿಡುವ ಅಧಿಕಾರ ಒಬ್ಬನದೇ. ಅವನು ಬಾಯಿಬಿಟ್ಟು ಹೇಳಬೇಕು, ಹೇಳಬೇಕಾದರೆ ಅವನಿಗೆ ನಾನು ಕಾಣಬೇಕು.

ಮೊದಲ ಶುಕ್ರವಾರ ಹಾಗೇ ಹೋದೆ. ಗೊತ್ತಿದ್ದೂ ಹೋದೆ, ತಾಯಿಕರುಳು. ಅವನು ಎತ್ತರದ ಕುರ್ಚಿಯಲ್ಲಿ ಕೂತು ಸಾಲಿನ ಮೇಲೆ ಕಣ್ಣಾಡಿಸಿದ. ನನ್ನ ಸೀರೆಯ ಅಂಚಿನ ಮೇಲೆ ಒಂದು ಗಳಿಗೆ ನಿಂತ ಕಣ್ಣು ಹಾಗೇ ಮುಂದಕ್ಕೆ ಹೋಯಿತು. "ಸ್ವಾಮಿ, ನನ್ನ ಮಗಳು" ಎಂದೆ. ಅವನು ಶಂಭಯ್ಯನನ್ನು "ಯಾರು ಮಾತಾಡ್ತಿರೋದು?" ಎಂದು ಕೇಳಿದ. ಶಂಭಯ್ಯ ನನ್ನನ್ನು ನೋಡಿ, ಅವನನ್ನು ನೋಡಿ, "ಕಾಣ್ತಾ ಇಲ್ವಾ ಸ್ವಾಮಿ? ಹಾಗಾದ್ರೆ ಬರ್ಕೊಳ್ಳೋ ಹಾಗಿಲ್ಲ" ಎಂದು ಮುಂದಿನವರನ್ನು ಕರೆದ. ನನ್ನ ಹಿಂದೆ ನಿಂತಿದ್ದ ಎಣ್ಣೆ ಗಾಣದ ಹೆಂಗಸು ಕಂಡಳು. ಅವಳ ನಲ್ಲಿಗೆ ನೀರು ಬಂತು.

ಚರ್ಚಿನ ಮೆಟ್ಟಿಲ ಮೇಲೆ ನಮ್ಮ ಪಾದ್ರಿ ಅಮೃತರಾಜ ಅಯ್ಯನವರು ಲವಂಗ ಅಗಿಯುತ್ತಾ ಕೂತಿದ್ದರು. ಅವರಿಗೆ ದಮ್ಮು, ಲವಂಗ ಬಾಯಲ್ಲಿದ್ದರೆ ಉಸಿರು ಸಲೀಸಂತೆ. ನಾನು ಹೋದವಳೇ ಜಗಳಕ್ಕೆ ನಿಂತೆ. "ಅಯ್ಯನೋರೆ, ಅರಸರಿಗಾಗಿ ಪ್ರಾರ್ಥನೆ ಮಾಡಿ ಅಂತ ಪೌಲ ಬರೆದಾಗ ಅಲ್ಲಿ ಕೂತಿದ್ದೋನು ಎಂಥೋನು?" ಎಂದೆ. "ಒಳ್ಳೆಯೋನೇನಲ್ಲಮ್ಮ. ರೋಮಿನ ಚಕ್ರವರ್ತಿ. ನಮ್ಮೋರನ್ನ ಹಿಡಿಹಿಡಿದು ಕೊಲ್ಲಿಸ್ತಿದ್ದ." "ಬರೆದೋನ ಗತಿ ಕಡೆಗೆ ಏನಾಯ್ತು?" ಅಯ್ಯನವರು ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡರು. "ತಲೆ ತೆಗೆದ್ರು ಅಂತ ಹೇಳ್ತಾರೆ." "ಪ್ರಾರ್ಥನೆ ಮಾಡಿದ್ದಕ್ಕೆ ಒಳ್ಳೇ ಬಹುಮಾನ ಬಿಡಿ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಲಿಡಿಯಮ್ಮ, ಒಳ್ಳೇ ದೊರೆಗಳಿಗಾಗಿ ಮಾಡಿ ಅಂತ ಎಲ್ಲೂ ಬರೆದಿಲ್ಲ. ಬಾಬಿಲೋನಿಗೆ ಸೆರೆ ಹೋದೋರಿಗೆ ಪ್ರವಾದಿ ಯೆರೆಮೀಯ ಏನು ಹೇಳಿಕಳಿಸ್ದ? ನಿಮ್ಮನ್ನ ಸೆರೆ ಹಿಡಿದಿರೋ ಆ ಊರಿಗಾಗೀನೆ ಪ್ರಾರ್ಥನೆ ಮಾಡಿ, ಅದು ನೆಮ್ಮದಿಯಾಗಿದ್ರೆ ನಿಮ್ಗೂ ನೆಮ್ಮದಿ ಅಂದ. ಅವರ ಮನೆಗಳನ್ನ ಸುಟ್ಟು ಬಂದ ಊರು ಅದು." "ನನ್ನ ಕೈಲಿ ಆಗಲ್ಲ" ಎಂದೆ. "ಆಗಲ್ಲ ಅಂತಾನೇ ಶುರು ಮಾಡು. ಅದೂ ಪ್ರಾರ್ಥನೇನೆ." ಆಮೇಲೆ ಏನೋ ನೆನಪಾದವರಂತೆ, "ಇನ್ನೊಂದು ವಿಷಯ ನೋಡು. ನಾವು ಯಾವಾಗ್ಲೂ ಅರಸರು ಅನ್ನೋ ಮಾತನ್ನೇ ಹಿಡ್ಕೊಂಡಿದೀವಿ. ಪೌಲ ಮೊದಲು ಹೇಳಿದ್ದು ಎಲ್ಲ ಮನುಷ್ಯರಿಗಾಗಿ ಅಂತ, ಅರಸರು ಬರೋದು ಅದರ ಬೆನ್ನಿಗೆ" ಎಂದರು. ಅಷ್ಟರಲ್ಲಿ ಕೆಮ್ಮು ಬಂತು. ನಾನು ನೀರು ತರಲು ಎದ್ದೆ.

ಆ ವಾರವಿಡೀ ಪ್ರಯತ್ನಿಸಿದೆ. ಹೊಲಿಗೆ ಯಂತ್ರದ ಮುಂದೆ ಕೂತು, ದೇವರೇ, ರಂಗಧಾಮಯ್ಯನಿಗೆ ಒಳ್ಳೇದು ಮಾಡು ಎನ್ನುತ್ತಿದ್ದೆ, ಹಲ್ಲು ಕಟಕಟ ಎನ್ನುತ್ತಿತ್ತು. ಆರೋಗ್ಯ ಕೊಡು ಎನ್ನುವಾಗ ಅವನಿಗೆ ಬರಬಹುದಾದ ಕಾಯಿಲೆಗಳೆಲ್ಲ ಒಂದೊಂದಾಗಿ ಮನಸ್ಸಿಗೆ ಬರುತ್ತಿದ್ದವು. ಒಂದು ಸಲ ಮೊಣಕಾಲೂರಿ ಬಹಳ ಚೆನ್ನಾಗಿ ಪ್ರಾರ್ಥಿಸಿದೆ, ಮಾತು ಸರಾಗವಾಗಿ ಬಂತು, ಕಣ್ಣಲ್ಲಿ ನೀರೂ ಬಂತು. ಮೇಲೆದ್ದಾಗ ಗೊತ್ತಾಯಿತು, ಅಷ್ಟು ಹೊತ್ತೂ ನಾನು ಬೇಡಿದ್ದು ಸುವಾರ್ತಳಿಗಾಗಿ, ಅವನ ಹೆಸರನ್ನು ಮೇಲೆ ಹೊದಿಸಿದ್ದೆ ಅಷ್ಟೆ. ಶುಕ್ರವಾರ ಹೋದಾಗ ಅವನು ನನ್ನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. "ಇಲ್ಲೊಂದು ಗದ್ದ ಇದ್ದ ಹಾಗಿದೆ" ಎಂದ. "ಗದ್ದ ಸಾಲದು ಸ್ವಾಮಿ" ಎಂದ ಶಂಭಯ್ಯ. ಬೆನಡಿಕ್ಟನ ಕಿವಿಗೆ ನಗುತ್ತಿದ್ದ ನಾನು ನನ್ನ ಗದ್ದ ಹೊತ್ತುಕೊಂಡು ಮನೆಗೆ ಬಂದೆ.

ಇನ್ನೊಂದೇ ಶುಕ್ರವಾರ ಉಳಿದಿತ್ತು. ಸೆರೆಮನೆಯಲ್ಲಿ ಮಗಳನ್ನು ನೋಡಲು ಬಿಟ್ಟರು. ಕಬ್ಬಿಣದ ಜಾಲರಿಯ ಆಚೆ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಅಪ್ಪನ ದವಡೆ ಎದ್ದು ಕಾಣುತ್ತಿತ್ತು. ಅವಳ ಭುಜಕ್ಕೆ ಒರಗಿಕೊಂಡು ಒಬ್ಬ ಮುದುಕಿ ತೂಕಡಿಸುತ್ತಿದ್ದಳು. ಖಾತೂನ್‌ಬೀ ಅಂತೆ, ಬಂಗಲೆಯ ಕಾಂಪೌಂಡಿನ ಪಕ್ಕ ಚಹಾದ ಗಾಡಿ ನಿಲ್ಲಿಸಿದ್ದೇ ಅವಳ ಅಪರಾಧ. "ಇವಳಿಗೆ ಯಾರೂ ಇಲ್ಲಮ್ಮ. ಆ ಮೂಲೇಲಿ ಕೂತಿದಾಳಲ್ಲ, ಅವಳಿಗೂ ಯಾರೂ ಇಲ್ಲ. ಯಾರಾದ್ರೂ ಇರೋರನ್ನ ಯಾವಾಗ್ಲೋ ಬಿಡಿಸ್ಕೊಂಡು ಹೋದ್ರು" ಎಂದಳು ಸುವಾರ್ತ.

"ನಿನಗೆ ನಾನಿದೀನಿ ಕಣೆ" ಎಂದೆ. ಅವಳು ನನ್ನನ್ನೇ ನೋಡಿದಳು. "ಏನ್ ಮಾಡ್ತಿದೀಯ ನೀನು? ಅವನಿಗಾಗಿ ಪ್ರಾರ್ಥನೆ ಮಾಡ್ತಿದೀಯಾ?" ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಒಗ್ಗದ ಕೆಲಸ, ಅದು ಅವಳಿಗೆ ಗೊತ್ತು. "ಅಮ್ಮ, ಸರಿಯಾಗಿ ಕೇಳಿಸ್ಕೊ. ನೀನು ಅವನಿಗಾಗಿ ಮನಸಿಟ್ಟು ಪ್ರಾರ್ಥನೆ ಮಾಡಿದ್ದು ನಂಗೆ ಗೊತ್ತಾದ್ರೆ, ಇಲ್ಲಿಂದ ಬಿಟ್ರೂ ನಾನು ನಿನ್ ಮನೆಗೆ ಕಾಲಿಡಲ್ಲ. ಅಪ್ಪನ್ನ ಕೊಂದೋನಿಗಾಗಿ ಕೈಮುಗಿಯೋರು ಆ ಮನೇಲಿ ಇರಬಾರದು." "ಸುಣ್ಣದ ಗಣಿಗೆ ಹೋಗ್ತೀಯೇನೆ?" "ಹೋಗ್ತೀನಿ. ಇವರೆಲ್ಲ ಹೋಗ್ತಿಲ್ವಾ? ಎಲ್ರೂ ಅವನ ಮುಂದೆ ಹೋಗಿ ನಾನು ಕಾಣ್ಲಿ, ನಾನು ಕಾಣ್ಲಿ ಅಂತ ನಿಂತ್ಕೋತೀರ. ಒಬ್ಬರಾದ್ರೂ ಇವರು ಕಾಣ್ಲಿ ಅಂತ ಕೇಳ್ಕೊಂಡಿದೀರಾ?" ಕಾವಲಿನವಳು ಹೊತ್ತಾಯಿತು ಎಂದು ಬಾಗಿಲು ಬಡಿದಳು. ಮುದುಕಿಗೆ ಎಚ್ಚರವಾಗಿ ನನ್ನನ್ನು ನೋಡಿ, ತನಗಾಗಿ ಬಂದವರು ಯಾರೋ ಎಂದುಕೊಂಡು ನಕ್ಕಳು.

ಮನೆಗೆ ಬರುವ ದಾರಿಯುದ್ದಕ್ಕೂ ಮಗಳನ್ನು ಬೈದುಕೊಂಡೆ. ಎಷ್ಟು ಸೊಕ್ಕು, ಎಷ್ಟು ಕಲ್ಲು ಮನಸ್ಸು ಎಂದು ಬೈದುಕೊಂಡೆ. ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಬೆಂಚಿನ ಮೇಲೆ ಕೂತ ಹಳೆಯ ಅಧ್ಯಕ್ಷರೊಬ್ಬರು ನನ್ನ ಮುಖವನ್ನು ಎವೆಯಿಕ್ಕದೆ ನೋಡಿದರು. ನನಗೆ ರಂಗಧಾಮಯ್ಯನ ತಾಯಿ ನೆನಪಾದಳು.

ಅವನು ಮೊದಲು ಅಂಚೆ ಕಚೇರಿಯಲ್ಲಿದ್ದ. ಊರಿನ ಪ್ರತಿ ಮುಖವೂ ಅವನಿಗೆ ಗೊತ್ತಿತ್ತು. ನಡೆದು ಬರುವಾಗಲೇ "ಲಿಡಿಯಮ್ಮ, ನಿಮ್ಮಣ್ಣನ ಮನಿಯಾರ್ಡರ್ ಬಂದಿದೆ" ಎಂದು ಕೂಗುತ್ತಿದ್ದ. ಅಧ್ಯಕ್ಷನಾಗುವ ಹಿಂದಿನ ವಾರ ತಾಯಿಯನ್ನು ಕರೆದುಕೊಂಡು ನನ್ನ ಹತ್ತಿರ ಜುಬ್ಬಾ ಹೊಲಿಸಲು ಬಂದಿದ್ದ. ನಾನು ಅಳತೆ ತೆಗೆಯುವಾಗ ಮುದುಕಿ, "ಸ್ವಲ್ಪ ದೊಡ್ಡದಾಗೇ ಹೊಲಿಯಮ್ಮ, ಇವನು ಇನ್ನು ಊದ್ತಾನೆ" ಎಂದು ಮಗನ ಹೊಟ್ಟೆಗೆ ತಿವಿದಿದ್ದಳು. ಆ ಜುಬ್ಬಾ ಹಾಕಿಕೊಂಡೇ ಅವನು ಆ ವರ್ಷ ಅವಳ ಹೆಣದ ಮುಂದೆ ನಿಂತಿದ್ದ. ನಾನೂ ಹೋಗಿದ್ದೆ. ಬದುಕಿರುವವರೆಗೆ ಮಗನಿಗಾಗಿ ಕಣ್ಣುಮುಚ್ಚಿ ಕೂರುತ್ತಿದ್ದ ಅವಳ ಮುಖ ಅವನಿಗೆ ಒಂದು ದಿನವೂ ತಪ್ಪಿರಲಿಲ್ಲವಂತೆ. ಆವತ್ತು ಬಹಳ ಹೊತ್ತು ಬಗ್ಗಿ ನೋಡಿ, ಪಕ್ಕದವರನ್ನು ಮೆಲ್ಲನೆ ಕೇಳಿದ, "ಅಮ್ಮನ ಮುಖ ಮುಚ್ಚಿದೀರಾ?" ಮುಖ ಮುಚ್ಚಿರಲಿಲ್ಲ. ಅವನು ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ನಿಂತುಬಿಟ್ಟ.

ನಾನು ಬಸ್ ಸ್ಟ್ಯಾಂಡಿನಲ್ಲೇ ಕೂತೆ. ಜಯಶೀಲನ ಕಾಲರು ತಿರುಗಿಸಿ ನೋಡಿದ ನನ್ನ ಕೈಬೆರಳುಗಳು ಕಣ್ಣ ಮುಂದೆ ಬಂದವು. ನನಗೂ ಬಟ್ಟೆಯೇ ಗುರುತಾಗಿತ್ತು. ಅವನ ಮೇಲೆ ಕರುಣೆ ಬಂತು ಎಂದು ಹೇಳಲಾರೆ, ಬರಲಿಲ್ಲ. ಆದರೆ ಈ ಲೋಕದಲ್ಲಿ ಮುಖ ಸಿಗದೆ ಬಟ್ಟೆ ಹಿಡಿದು ನಿಂತವರು ಎಂದರೆ ನನಗೆ ಗೊತ್ತಿದ್ದಂತೆ ನಾನು, ಮತ್ತೆ ಅವನು. ಇದು ನನಗೆ ಬೇಕಿರಲಿಲ್ಲ. ಬೆಂಚಿನಿಂದ ಎದ್ದು ಬಂದರೂ ಅದು ನನ್ನ ಜೊತೆಗೇ ಬಂತು.

ಭಾನುವಾರ ವಿಜ್ಞಾಪನೆಗೆ ಎದ್ದು ನಿಂತೆ. ಎಲ್ಲ ಮನುಷ್ಯರಿಗಾಗಿ ಎಂದು ಓದಿದೆ, ರೋಗಿಗಳಿಗಾಗಿ ಓದಿದೆ, ದಾರಿಯಲ್ಲಿರುವವರಿಗಾಗಿ, ಬಸುರಿಯರಿಗಾಗಿ. ಸೆರೆಯಲ್ಲಿರುವವರು ಎಂಬಲ್ಲಿ ಖಾತೂನ್‌ಬೀ ನಕ್ಕದ್ದು ನೆನಪಾಯಿತು. ಸಭೆ ಕಾಯುತ್ತಿತ್ತು. ಹಿಂದಿನ ಬೆಂಚಿನವರು ಹೆಸರು ಸೇರಿಸಲು ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿದೆ. "ರಂಗಧಾಮಯ್ಯ" ಎಂದೆ. ಗೌರವಕ್ಕೆ 'ಅವರು' ಸೇರಿಸಲು ಆಗಲಿಲ್ಲ.

ಪುಸ್ತಕ ಮುಚ್ಚಿಟ್ಟು ಬಾಯಿಗೆ ಬಂದದ್ದನ್ನು ಹೇಳಿದೆ. "ದೇವರೇ, ನನಗೆ ಇವನ ಮೇಲೆ ಪ್ರೀತಿ ಇಲ್ಲ, ಸುಳ್ಳು ಹೇಳಿದ್ರೆ ನಿನಗೆ ಗೊತ್ತಾಗುತ್ತೆ. ಇವನು ನನ್ನ ಗಂಡನ್ನ ಬಟ್ಟೆ ಅಂದ. ಇವನಿಗೆ ಇವನ ಅಮ್ಮನ ಮುಖ ಕಾಣ್ಲಿಲ್ಲ, ನನಗೆ ನನ್ನ ಗಂಡನ ಮುಖ ಸಿಗ್ಲಿಲ್ಲ. ಹೀಗೆ ಯಾರಿಗೂ ಆಗಬಾರದು, ಇವನಿಗೂ ಆಗಬಾರದು. ಇವನಿಗೆ ಕಣ್ಣು ಕೊಡು. ನನ್ನನ್ನ ತೋರಿಸ್ಬೇಡ, ನಾನು ಕೇಳ್ತಿರೋದು ಅದಲ್ಲ. ಆ ಲಾರಿ ಹತ್ತೋರ ಮುಖ ತೋರಿಸು. ಯಾರೂ ಇಲ್ದೋರ ಮುಖ ತೋರಿಸು. ನೋಡಿದ ಮೇಲೆ ತಡ್ಕೊಳ್ಳೋ ಶಕ್ತೀನೂ ಕೊಡು, ಕೊಡದೆ ಇದ್ರೆ ಸತ್ತುಹೋಗ್ತಾನೆ." ಆ ಕೊನೆಯ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಅದನ್ನು ಹೇಳುವಾಗ ನಾನು ಸುವಾರ್ತಳನ್ನು ನೆನೆಯಲಿಲ್ಲ, ನಿಜವಾಗಿಯೂ ಅವನನ್ನೇ ನೆನೆದೆ. ಕೂತ ಮೇಲೆ ಮಗಳ ಮಾತು ನೆನಪಾಯಿತು. ಸಭೆಯಲ್ಲಿ ಯಾರೂ ಆಮೆನ್ ಹೇಳಲಿಲ್ಲ, ಅಯ್ಯನವರೊಬ್ಬರೇ ಕೆಮ್ಮುತ್ತಾ ಹೇಳಿದರು.

ಶುಕ್ರವಾರ ಬಂಗಲೆಯ ಅಂಗಳದಲ್ಲಿ ಲಾರಿ ನಿಂತಿತ್ತು. ಹಿಂದೆ ಜಾಲರಿ ಹಾಕಿ ಹೆಂಗಸರನ್ನು ತುಂಬಿದ್ದರು. ಅವರ ಕಡೆ ನೋಡದೆ ಒಳಗೆ ಹೋಗಿ ಸಾಲಿನಲ್ಲಿ ನಿಂತೆ. ರಂಗಧಾಮಯ್ಯ ಬಂದು ಕೂತು ಕಣ್ಣಾಡಿಸಿದ. ನನ್ನ ಹತ್ತಿರ ಬಂತು ಆ ಕಣ್ಣು, ನನ್ನನ್ನು ದಾಟಿತು, ಹಿಂದಿನ ಗೋಡೆಯವರೆಗೆ ಹೋಯಿತು. ಗದ್ದವೂ ಕಾಣಲಿಲ್ಲ. "ಯಾರಾದ್ರೂ ಕಾಣ್ತಾರಾ ಸ್ವಾಮಿ?" ಎಂದ ಶಂಭಯ್ಯ. "ಇಲ್ಲ" ಎಂದ. ನನ್ನನ್ನು ತೋರಿಸಬೇಡ ಎಂದು ನಾನೇ ಬೇಡಿದ್ದೆ. ಬೇಡುವಾಗ ಅದರ ಭಾರ ಗೊತ್ತಿರಲಿಲ್ಲ. ದೇವರು ಅಷ್ಟನ್ನು ಮಾತ್ರ ಕೇಳಿಸಿಕೊಂಡನೇ ಎಂದು ಅಲ್ಲೇ ಗೋಡೆ ಹಿಡಿದುಕೊಂಡೆ.

ಲಾರಿ ಕಳಿಸಬೇಕಾದರೆ ಅಧ್ಯಕ್ಷರು ಅಂಗಳಕ್ಕೆ ಇಳಿದು ಕೈ ಎತ್ತಬೇಕು, ಅದು ಪದ್ಧತಿ. ಅವನು ಮೆಟ್ಟಿಲಿಳಿದು ಹೋದ, ನಾವೆಲ್ಲ ಹಿಂದೆ ಹೋದೆವು. ಕೈ ಎತ್ತಿದವನು ಹಾಗೇ ನಿಂತ. ಎತ್ತಿದ ಕೈ ಮೆಲ್ಲಗೆ ಕೆಳಗೆ ಬಂತು. "ಈ ಮುದುಕಿ ಯಾಕೆ ಅಳ್ತಾ ಇದಾಳೆ?" ಎಂದ. ಶಂಭಯ್ಯನಿಗೆ ಗಾಬರಿಯಾಯಿತು. "ಯಾವ ಮುದುಕಿ ಸ್ವಾಮಿ?" "ಇಲ್ಲೇ, ಹುಬ್ಬಿನ ಮೇಲೆ ಗಾಯದ ಗುರುತಿರೋಳು. ಪಕ್ಕದೋಳಿಗೆ ತುಟಿ ಒಡೆದಿದೆ. ಇವಳಿಗಿನ್ನೂ ಸ್ಕೂಲಿಗೆ ಹೋಗೋ ವಯಸ್ಸು." ಜಾಲರಿ ಹಿಡಿದುಕೊಂಡು ಒಬ್ಬೊಬ್ಬರನ್ನೇ ನೋಡುತ್ತಾ ಹೋದ.

ಕೊನೆಗೆ ಸುವಾರ್ತಳ ಮುಂದೆ ನಿಂತ. "ನೀನು ಯಾರ ಮಗಳು?" "ಬೀಗದ ಜಯಶೀಲನ ಮಗಳು" ಎಂದಳು. ಅಂಚೆ ಕಚೇರಿಯಲ್ಲಿದ್ದಾಗ ಅವನು ದಿನಾ ಮಾತಾಡಿಸುತ್ತಿದ್ದ ಹೆಸರು ಅದು. "ಜಯಶೀಲ ಈಗ ಎಲ್ಲಿ?" ಎಂದು ಕೇಳಿದ, ಕೇಳುತ್ತಿದ್ದ ಹಾಗೆಯೇ ಅವನ ಮುಖ ಬಿಳಿಚಿಕೊಂಡಿತು. ನನ್ನ ಮಗಳು ಜೋರು ಮಾಡಲಿಲ್ಲ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಮಾರ್ಕೆಟ್ಟಿನ ಕಿಟಕೀಲಿ ಬಟ್ಟೆ ಒಣಗ್ಹಾಕಿದಾರೆ ಅಂದ್ರಲ್ಲ ಸ್ವಾಮಿ. ಆ ಬಟ್ಟೆಯೊಳಗೆ ನಮ್ಮಪ್ಪ ಇದ್ರು."

ಅವನು ಆ ಅಂಗಿ ಎಲ್ಲಿ ಎಂದ. ಶಂಭಯ್ಯ ಉಗ್ರಾಣದಿಂದ ತಂದುಕೊಟ್ಟ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಾಲರು ತಿರುಗಿಸಿ ಏನನ್ನೋ ಹುಡುಕಿ, ಜಾಲರಿಯ ಬಾಗಿಲು ತೆಗೆಸಿ, ಅವಳ ಕೈಗೆ ಕೊಟ್ಟ. "ಎಲ್ಲರನ್ನೂ ಇಳಿಸಿ" ಎಂದ. ಇಳಿಯುವಷ್ಟು ಹೊತ್ತೂ ಒಬ್ಬೊಬ್ಬರ ಮುಖ ನೋಡುತ್ತಾ ನಿಂತಿದ್ದ, ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಆಮೇಲೆ ಜನರ ಕಡೆ ತಿರುಗಿದ. ನಾನು ಎದುರಿಗೇ ಇದ್ದೆ. ದಾರಿಗೆ ಅಡ್ಡ ನಿಂತ ಸೀರೆಯನ್ನು ಬಳಸಿಕೊಂಡು ಒಳಗೆ ಹೋದ.

ನಾನು ಓಡಿಹೋಗಿ ಮಗಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. "ನೀನು ಮಾಡ್ದೆಯಾ?" ಎಂದಳು. ಸುಳ್ಳು ಹೇಳಬಹುದಿತ್ತು, ಅವನಿಗೆ ನಾನು ಕಂಡಿರಲಿಲ್ಲ, ಸಾಕ್ಷಿ ಯಾರಿದ್ದರು. "ಮಾಡ್ದೆ" ಎಂದೆ. "ಮನಸಿಟ್ಟು?" "ಮನಸಿಟ್ಟು ಮಾಡ್ದೆ ಹೋಗಿದ್ರೆ ನೀನು ಲಾರಿಯಿಂದ ಇಳೀತಿರ್ಲಿಲ್ಲ ಕಣೆ. ಇವರೂ ಇಳೀತಿರ್ಲಿಲ್ಲ. ನೀನೇ ತಾನೆ ಹೇಳಿದ್ದು, ಇವರು ಕಾಣ್ಲಿ ಅಂತ." ಅವಳು ಅಂಗಿಯನ್ನು ಮಡಚಿ ಎದೆಗೆ ಒತ್ತಿಕೊಂಡಳು. "ಹೇಳಿದ್ದೆ. ಇನ್ನೊಂದೂ ಹೇಳಿದ್ದೆ" ಎಂದು ಖಾತೂನ್‌ಬೀಯ ರಟ್ಟೆ ಹಿಡಿದು ಗೇಟು ದಾಟಿ ಹೋದಳು. ಮುದುಕಿ ಮಾತ್ರ ತಿರುತಿರುಗಿ ನನ್ನನ್ನು ನೋಡಿದಳು.

ರಂಗಧಾಮಯ್ಯ ಮುಂದಿನ ವಾರ ಕುರ್ಚಿ ಬಿಟ್ಟ. ತಾನಾಗಿ ಬಿಟ್ಟ ಎಂದು ಕೆಲವರು, ಬಿಡಿಸಿದರು ಎಂದು ಕೆಲವರು. ಈಗ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿರುತ್ತಾನೆ. ನಾನು ಹಾದುಹೋದರೆ "ಲಿಡಿಯಮ್ಮ" ಎಂದು ಎದ್ದು ನಿಲ್ಲುತ್ತಾನೆ. ನಾನು ಮಾತಾಡುವುದಿಲ್ಲ. ಪ್ರಾರ್ಥನೆ ಮಾಡಿದ್ದೇನೆ ನಿಜ, ಆದರೆ ಕ್ಷಮಿಸಿದ್ದೇನೆ ಎಂದು ಯಾರಿಗೂ ಹೇಳಿಲ್ಲ. ಹೊಸ ಅಧ್ಯಕ್ಷರು ಬಂದು ಕೂತರು, ಮಧ್ಯಾಹ್ನದ ಊಟಕ್ಕೆ ಬಡಿಸಿದ ತಂಗಿಯನ್ನು ಯಾರೆಂದು ಕೇಳಿದರಂತೆ. ಮಳೆಗಾಲ ಶುರುವಾಗುವ ಮೊದಲೇ ಸುಣ್ಣದ ಲಾರಿ ಮತ್ತೆ ಓಡಾಡತೊಡಗಿತು. ಸಭೆಯವರು ಈಗ ನಾನು ಕೇಳಿದ ಹಾಗೇ ಕೇಳಿ ನೋಡುತ್ತಿದ್ದಾರೆ. ಕೆಲವು ಶುಕ್ರವಾರ ಒಂದು ಮುಖ, ಎರಡು ಮುಖ ಕಾಣುತ್ತದೆ, ಎಷ್ಟೋ ಶುಕ್ರವಾರ ಏನೂ ಕಾಣುವುದಿಲ್ಲ.

ಸುವಾರ್ತ ನನ್ನ ಮನೆಗೆ ಬಂದಿಲ್ಲ. ಖಾತೂನ್‌ಬೀಯ ಜೊತೆ ಇದ್ದಾಳೆ. ಅವರ ಚಹಾದ ಗಾಡಿ ಈಗ ಚರ್ಚಿನ ಎದುರಿಗೆ ರಸ್ತೆಯ ಆಚೆ ನಿಲ್ಲುತ್ತದೆ. ಭಾನುವಾರ ಅಲ್ಲಿ ವ್ಯಾಪಾರ ಚೆನ್ನಾಗಿ ಆಗುತ್ತದೆ ಎಂದು ಮುದುಕಿ ಹೇಳುತ್ತಾಳೆ. ಚರ್ಚಿನ ಕಿಟಕಿಗಳು ತೆರೆದೇ ಇರುತ್ತವೆ. ನಾನು ವಿಜ್ಞಾಪನೆಗೆ ಎದ್ದು ನಿಂತಾಗ ಅವಳು ಗಾಡಿಯ ಪಕ್ಕದ ಸ್ಟೂಲಿನ ಮೇಲೆ, ಈ ಕಡೆಗೆ ಮುಖ ಮಾಡಿ ಕೂತು ಕೇಳುತ್ತಿರುವುದು ನನಗೆ ಕಾಣುತ್ತದೆ. ಅಧ್ಯಕ್ಷರ ಹೆಸರು ಬಂತೋ, ಎದ್ದು ಗಾಡಿಯ ಹಿಂದಕ್ಕೆ ಹೋಗಿಬಿಡುತ್ತಾಳೆ. ಹೆಸರನ್ನು ಬಿಡುವ ಹಾಗಿಲ್ಲ, ಆ ಲಾರಿಯಲ್ಲಿ ಯಾರ ಮಕ್ಕಳಿರುತ್ತಾರೋ. ಅದಕ್ಕೇ ನಾನು ಈಗ ಬಹಳ ನಿಧಾನವಾಗಿ ಓದುತ್ತೇನೆ. ಎಲ್ಲ ಮನುಷ್ಯರಿಗಾಗಿ ಎಂದು ಓದಿ ನಿಲ್ಲಿಸುತ್ತೇನೆ, ರೋಗಿಗಳ ಹೆಸರನ್ನು ಒಂದೊಂದಾಗಿ ಓದುತ್ತೇನೆ, ದಾರಿಯಲ್ಲಿರುವವರು ಯಾವ ಯಾವ ಊರಿಗೆ ಹೋಗಿದ್ದಾರೆಂದು ಹೇಳುತ್ತೇನೆ, ಬಸುರಿಯರಿಗೆ ಎಷ್ಟು ತಿಂಗಳೆಂದು ಹೇಳುತ್ತೇನೆ. ಹಿರಿಯರು ಗಡಿಯಾರ ನೋಡುತ್ತಾರೆ. ನೋಡಲಿ.